ತುಂಗೆಯ ತೀರದ ಬಾಣಂತಿ ಕೋಣೆ

ಮಳೆಗಾಲದಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬಸ್ಸಿನಲ್ಲಿ ಹೋಗಿದ್ದೀರಾ? ಇಲ್ಲವಾದರೆ ಒಮ್ಮೆ ಹೋಗಿ ಬನ್ನಿ. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ ದಾಟಿದರೆ ಮಂಡಗದ್ದೆ. ಅಲ್ಲಿ ತುಂಗೆಯ ನಡುವಿನ ಮರಗಳಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿ ಮರಿ ಮಾಡುವ ಕಾಲ ಅದು. ಹೋದ ವರ್ಷ ಆಷಾಢದಲ್ಲಿ ನಾನು ಹೊರಟಿದ್ದೂ ಮರಿ ನೋಡುವುದಕ್ಕೇ. ಮೊಮ್ಮಗ ಹುಟ್ಟಿ ಹದಿಮೂರು ದಿನವಾಗಿತ್ತು.

ಸೊಸೆಯ ತವರು ತೀರ್ಥಹಳ್ಳಿಯಿಂದ ಆಚೆ, ಅಡಿಕೆ ತೋಟದ ನಡುವೆ. ತಿಪಟೂರು ಕಡೆಯವಳಾದ ನಾನು ಅಂಥ ಮಳೆ ಕಂಡವಳಲ್ಲ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದು. ಮಗುವಿನ ಬಟ್ಟೆಯನ್ನೆಲ್ಲ ಬಚ್ಚಲ ಒಲೆಯ ಹತ್ತಿರ ಹರವಿದ್ದರು. ಆ ಬಚ್ಚಲುಮನೆ ಇದೆಯಲ್ಲ, ಅದನ್ನು ನೋಡಿ ನನಗೇ ಇನ್ನೊಮ್ಮೆ ಬಾಣಂತನ ಮಾಡಿಸಿಕೊಳ್ಳೋಣ ಅನ್ನಿಸಿತು! ದೊಡ್ಡ ತಾಮ್ರದ ಹಂಡೆ, ಕೆಳಗೆ ಉರಿಯುವ ಅಡಿಕೆ ಸಿಪ್ಪೆ. ಎಪ್ಪತ್ತು ದಾಟಿದ ಅಜ್ಜಿ ಮೊಮ್ಮಗಳ ಸೊಂಟಕ್ಕೆ ಎಣ್ಣೆ ತಿಕ್ಕಿ, ಚೊಂಬು ಚೊಂಬಾಗಿ ಬಿಸಿನೀರು ಹುಯ್ಯುವುದನ್ನು ನೋಡಬೇಕು.

ಊಟಕ್ಕೆ ಮೆಣಸಿನ ಸಾರು. ಒಂದು ಚಮಚ ಕಾಳುಮೆಣಸು, ಅಷ್ಟೇ ಜೀರಿಗೆ, ಎಂಟು ಎಸಳು ಬೆಳ್ಳುಳ್ಳಿ ತುಪ್ಪದಲ್ಲಿ ಹುರಿದು ಅರೆದು, ಹುಣಿಸೆರಸ, ಚೂರು ಬೆಲ್ಲ, ಉಪ್ಪು ಹಾಕಿ ಕುದಿಸುತ್ತಾರೆ. ತೊಗರಿಬೇಳೆಯ ಕಟ್ಟು ಸೇರಿಸಿದರೆ ಇನ್ನೂ ಒಳ್ಳೆಯದು.

ಎಲ್ಲಾ ಸರಿ. ಆದರೆ ಆ ಸಂಜೆ ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ ಸೊಸೆ ಪಿಸುಗುಟ್ಟಿದಳು: "ಅತ್ತೆ, ಒಂದು ಲೋಟ ನೀರು ಕೊಡ್ತೀರಾ?"

ದಿನಕ್ಕೆ ಎರಡೇ ಸಲ, ಅರ್ಧರ್ಧ ಲೋಟವಂತೆ. ನಾಲ್ಕು ದಿನದಿಂದ ಮಲಬದ್ಧತೆ, ಮೂತ್ರ ಹೋಗುವಾಗ ಉರಿ. ತುಟಿ ಒಡೆದಿತ್ತು. ನನ್ನ ಬಾಣಂತನದಲ್ಲಿ ನಾನೂ ಬಚ್ಚಲಲ್ಲಿ ಬೊಗಸೆಯೊಡ್ಡಿ ಕದ್ದು ನೀರು ಕುಡಿದವಳೇ. ಆದರೂ ಬೀಗರ ಮನೆ ನೋಡಿ, ಬಾಯಿ ಬರಲಿಲ್ಲ. ನನ್ನ ಬಾಟಲಿಯ ನೀರನ್ನೇ ಗುಟ್ಟಾಗಿ ಕುಡಿಸಿದೆ. ಹೀಗೆ ಎಷ್ಟು ದಿನ, ನೀವೇ ಹೇಳಿ?

ಮಾರನೇ ದಿನ ದೇವರು ಕಳಿಸಿದ ಹಾಗೆ ಆಶಾ ಕಾರ್ಯಕರ್ತೆ ಬಂದಳು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಅವರು 3, 7, 14, 21, 28 ಮತ್ತು 42ನೇ ದಿನ ಬರಬೇಕು. ನಾನು ಧೈರ್ಯ ಮಾಡಿ ನೀರಿನ ವಿಷಯ ಎತ್ತಿದೆ.

"ನೀರು ಕುಡುದ್ರೆ ಹೊಟ್ಟೆ ಇಳಿಯಲ್ಲ ಮಾರಾಯ್ತಿ. ನಮಗ್ಯಾರು ಕೊಟ್ಟಿದ್ರು?" ಅಂದರು ಅಜ್ಜಿ.

ಹುಡುಗಿ ಜಾಣೆ. ವಾದಕ್ಕಿಳಿಯಲಿಲ್ಲ. "ಗರ್ಭಕೋಶ ಆರು ವಾರದಲ್ಲಿ ತಾನೇ ಮೊದಲಿನಂತಾಗತ್ತೆ ಅಜ್ಜಿ, ಮಗು ಹಾಲು ಕುಡಿದಷ್ಟೂ ಅದು ಕುಗ್ಗತ್ತೆ. ನೀರಿಗೂ ಅದಕ್ಕೂ ಸಂಬಂಧ ಇಲ್ಲ. ನೀವು ಜೀರಿಗೆ ಹಾಕಿ ಕುದಿಸಿದ ನೀರೇ ಕೊಡಿ, ಹಾಲೂಡಿಸುವಾಗಲೆಲ್ಲ ಒಂದು ಲೋಟ" ಅಂದಳು. ಜೀರಿಗೆ ಅಂದದ್ದೇ ಅಜ್ಜಿಯ ಮುಖ ಸಡಿಲಾಯಿತು. ಅದು ಔಷಧಿಯಲ್ಲವೇ!

ಉರಿ ಅಂದರೆ ಸೋಂಕಿರಬಹುದು ಅಂತ ಮಧ್ಯಾಹ್ನವೇ ಆಟೋ ತರಿಸಿ ಆಸ್ಪತ್ರೆಗೆ ಹೋದೆವು, ಮಾತ್ರೆ ಕೊಟ್ಟರು. ಉಷ್ಣವೆಂದು ಎತ್ತಿಟ್ಟಿದ್ದ ಕಬ್ಬಿಣಾಂಶದ ಮಾತ್ರೆಗಳೂ ಹೊರಬಂದವು. ಅವನ್ನು ಹೆರಿಗೆಯಾದ ಮೇಲೆ 180 ದಿನ ನುಂಗಬೇಕಂತೆ. ಮಂಚದ ಕೆಳಗಿನ ಕೆಂಡದ ಬಾಣಲೆಯನ್ನು ನಾನೇ ಹೊರಗಿಟ್ಟು ಕಿಟಕಿ ತೆಗೆದೆ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಮಲಗಿದವರಿಗೆ ತಿಳಿಯುವುದೂ ಇಲ್ಲ.

ನಿಮ್ಮ ಮನೆಯಲ್ಲೂ ಬಾಣಂತಿ ಇದ್ದರೆ ಇಷ್ಟು ನೆನಪಿಡಿ. ಗಂಟೆಯೊಳಗೆ ಪ್ಯಾಡು ಪೂರ್ತಿ ನೆನೆಯುವಷ್ಟು ರಕ್ತಸ್ರಾವ, ಜ್ವರ, ಕೆಟ್ಟ ವಾಸನೆಯ ಸ್ರಾವ, ಕಣ್ಣು ಮಂಜಾಗುವಂಥ ತಲೆನೋವು, ಒಂದೇ ಮೀನಖಂಡದ ಊತ, ನೋವು ಕಂಡರೆ ಬೆಳಗಾಗಲಿ ಅನ್ನಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸುಮ್ಮಸುಮ್ಮನೆ ಅಳು ಬರುವುದು ಮೊದಮೊದಲು ಸಾಮಾನ್ಯ. ಎರಡು ವಾರ ಕಳೆದೂ ನಿಲ್ಲದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ದೃಷ್ಟಿ ತೆಗೆದು ಸುಮ್ಮನಾಗಬೇಡಿ.

ಐದನೇ ದಿನ ನಾನು ಹೊರಟೆ. ಮಳೆ ಹಾಗೇ ಸುರಿಯುತ್ತಿತ್ತು. ಅಜ್ಜಿ ಅಡುಗೆಮನೆಯಿಂದಲೇ ಕೂಗಿದರು: "ಬಸ್ಸಲ್ಲಿ ಕುಡಿಯೋಕೆ ನಿಮಗೂ ಒಂದು ಬಾಟ್ಲಿ ಜೀರಿಗೆ ನೀರು ಹಾಕಿ ಕೊಡ್ಲಾ?"