ಇಳಿವಯಸ್ಸಿನ ಆಟ

ಪಾಶ್ಚಾತ್ಯರು ‘ಆಪೆರಾ’ ಎಂದು ಕರೆಯುವ ಹಾಡುನಾಟಕಕ್ಕೆ ನಮ್ಮ ಬಳ್ಳಾರಿ ಸೀಮೆಯಲ್ಲಿ ಸರಿಸಾಟಿಯಾದುದು ದೊಡ್ಡಾಟ. ಪಟ್ಟಣದ ರಂಗಭೂಮಿಯನ್ನು ವಕೀಲರಾಗಿದ್ದ ಬಳ್ಳಾರಿ ರಾಘವರು (1880–1946) ಬೆಳಗಿದರು. ಕೊಳಗಲ್ಲಿನಂತಹ ಹಳ್ಳಿಗಳಲ್ಲಿ ಅಟ್ಟವನ್ನೇರುವವರು ಒಕ್ಕಲುಮಕ್ಕಳು. ಹಗಲು ಹತ್ತಿಯ ಹೊಲದಲ್ಲಿ ದುಡಿದವನೇ ಇರುಳು ಕಿರೀಟ, ಭುಜಕೀರ್ತಿಗಳನ್ನು ಹೊತ್ತು ದುರ್ಯೋಧನನಾಗುವನು.

ಪ್ರಾಯದಲ್ಲಿ ನಾವು ಬೆಳಗಿನ ಮಂಗಳದವರೆಗೂ ಕುಳಿತು ತಾಳ ತಪ್ಪಿದವರನ್ನು ಎಣಿಸುತ್ತಿದ್ದೆವು. ಈಗ ಮೊಣಕಾಲು ಚಾಪೆಯನ್ನೊಲ್ಲದು. ಕಿವಿಗೆ ಅರ್ಧ ಮಾತು ಸಿಕ್ಕದು. ಟೀವಿಯಿರುವಾಗ ಚಳಿಯಲ್ಲಿ ಹೋಗುವುದೇಕೆಂದು ಮಕ್ಕಳ ಆಕ್ಷೇಪ. ಆದರೂ ಕಂಬಳಿ ಹೊದ್ದು, ಗಣಪತಿಸ್ತುತಿಯಿಂದ ನಡುವಿರುಳಿನವರೆಗೆ ಕಟ್ಟೆಯ ಮೇಲಿದ್ದು, ಒಗ್ಗರಣೆ ಮಂಡಾಳು, ಮಿರ್ಚಿ ಮೆದ್ದು (ವೈದ್ಯರಿಗೆ ತಿಳಿಯಬೇಕಾಗಿಲ್ಲ) ಮರಳುವೆವು. ಉಳಿದ ಆಟ ಹಾಸಿಗೆಗೇ ಬರುವುದು: ಗಾಳಿ ಇತ್ತ ಬೀಸಿದಾಗ ಮದ್ದಲೆಯ ಪೆಟ್ಟನ್ನಾಲಿಸಿ, ಈಗ ಯುದ್ಧ, ಈಗ ಶೋಕ ಎಂದು ಗಂಡಹೆಂಡಿರು ಪಂದ್ಯ ಕಟ್ಟುವೆವು.

ತಾಳದ ತಪ್ಪುಗಳನ್ನು ಈಗ ಎಣಿಸುವುದಿಲ್ಲ, ಆಡುವವರೇ ವಿರಳರಾಗಿರುವರು. ಹಿಂದಿನ ಆಟದ ಭೀಮನು ನಮ್ಮ ವಾರಿಗೆಯವನು. ಗದೆಯನ್ನೆತ್ತಲು ಹುಡುಗನೊಬ್ಬನು ನೆರವಾಗಬೇಕಾಯಿತು. ಮುಂದಿನ ಸಲ ಆ ಹುಡುಗನಿಗೇ ಪಾತ್ರವಂತೆ. ತಾಲೀಮು ನೋಡಲು ದಿನವೂ ಸಂಜೆ ಹೋಗುತ್ತಿದ್ದೇವೆ.