ನಾರದನಿಲ್ಲದ ಊರು

ಟೀವಿ ಧಾರಾವಾಹಿಯಲ್ಲಿ ಗೋಕಾಕ, ಹುಕ್ಕೇರಿ ಕಡೆಯ ಮಾತಾಡುವ ಪಾತ್ರ ಬಂತೆಂದರೆ ಅವನು ಅಡುಗೆಯವನೋ ಪೆದ್ದನೋ ಆಗಿರಲೇಬೇಕು. ‘ಏನ್ ಮಾಡಾಕತ್ತೀರಿ’ ಎಂದು ಅವನು ಬಾಯಿ ತೆರೆದರೆ ಸಾಕು, ಮನೆಮಂದಿಯೆಲ್ಲ ನಗಬೇಕು. ಪಿತ್ತ ಕೆರಳಲು ಇಷ್ಟು ಸಾಲದೇ? ಮಂದಿಯ ಮಾತಿಗೆ ಕಿವಿಗೊಡಬೇಡಿ ಎಂಬ ಉಪದೇಶ ಬೇಕಾದಷ್ಟಿದೆ, ಅದನ್ನು ಬಿಡೋಣ. ಹಾಗೆ ಹೇಳುವವರೂ ಕನ್ನಡಿ ನೋಡಿಕೊಂಡೇ ಹೊರಬೀಳುತ್ತಾರೆ. ನನ್ನ ತಕರಾರು ಬೇರೆ. ತನ್ನತನವೆಂದರೆ ಇದ್ದಂತೆ ಇದ್ದುಬಿಡುವ ಸುಲಭದ ಕೆಲಸ ಎಂದುಕೊಂಡಿದ್ದೇವಲ್ಲ, ಅದಕ್ಕೆ ಬೇಕಾದ ದುಡಿಮೆಯನ್ನು ಯಾರೂ ಹೇಳುವುದಿಲ್ಲ.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರನ್ನು ನೋಡಿ. ಕನ್ನಡದಲ್ಲಿ ನವ್ಯದ ಭರಾಟೆ ಜೋರಾಗಿದ್ದಾಗ, ಪಟ್ಟಣದ ಒಂಟಿ ಮನುಷ್ಯನ ತಳಮಳವೇ ಕಾವ್ಯವೆಂದು ನಂಬಿದ್ದಾಗ, ಅವರು 1964ರಲ್ಲಿ ‘ಹೇಳತೇನ ಕೇಳ’ ಎಂದು ಲಾವಣಿಯ ಧಾಟಿಯಲ್ಲಿ, ಊರಿನ ಮಾತಿನಲ್ಲೇ ಶುರುಮಾಡಿದರು. ಜ್ಞಾನಪೀಠ ಬಂದವರ ಮಾತು ಬಿಡಿ, ಬೆಂಗಳೂರಿನ ಸಂದರ್ಶನದಲ್ಲಿ ಕೂತ ಹುಡುಗ ಏನು ಮಾಡಬೇಕು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ 1964ರಲ್ಲಿ ಜ್ಞಾನಪೀಠ ಇನ್ನೂ ಬಲು ದೂರವಿತ್ತು. ಅದು ಸಿಕ್ಕದ್ದು 2010ನೇ ಸಾಲಿಗೆ. ಅದೂ ಅಲ್ಲದೆ ಕಂಬಾರರು ಶಿಷ್ಟ ಕನ್ನಡಕ್ಕೆ ಬೆನ್ನು ತಿರುಗಿಸಿದವರಲ್ಲ. ಪಿಎಚ್‌ಡಿ ಮಾಡಿದರು, ಪಾಠ ಹೇಳಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಎರಡು ಕನ್ನಡವನ್ನೂ ಬಲ್ಲವನು ಒಂದನ್ನು ಆರಿಸಿಕೊಂಡರೆ ಅದಕ್ಕೊಂದು ತೂಕವಿರುತ್ತದೆ. ಸಂದರ್ಶನದ ಹುಡುಗನೂ ಎರಡನ್ನೂ ಕಲಿಯಲಿ. ಮೊದಲಿನದಕ್ಕೆ ನಾಚುವ ಕಾರಣವಂತೂ ಇಲ್ಲ.

ಪರವೂರಿನವರು ನಕ್ಕರೆ ಸ್ವಂತ ಊರು ಬೆನ್ನಿಗಿರುತ್ತದೆ. ಊರೇ ಮುಖ ತಿರುಗಿಸಿದರೆ? ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. ಬ್ರಿಟಿಷರನ್ನು ಎದುರಿಸಿದವರಿಗೆ ನಾವು ಹಾರ ಹಾಕುತ್ತೇವೆ. ಮಠವನ್ನು ಕೆಣಕಿದವರಿಗೆ ಬೇರೆಯದೇ ಸತ್ಕಾರ. ‘ಜರತಾರಿ ಜಗದ್ಗುರು’ ಕಾದಂಬರಿ ಬರೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತನ್ನತನವನ್ನು ಊರಿನ ಅಭಿಮಾನದೊಂದಿಗೆ ಗಂಟುಹಾಕುವವರು ಕಟ್ಟೀಮನಿಯವರನ್ನು ಎಲ್ಲಿ ಕೂಡಿಸುತ್ತಾರೋ ತಿಳಿಯದು.

ಈ ಸೀಮೆಯ ಮಾತೆತ್ತಿದ ಮೇಲೆ ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟಕ್ಕೆ ಬಾರದೆ ಇರುವುದಾದರೂ ಹೇಗೆ? ಅದಕ್ಕೆ ರಂಗದ ರೂಪ ಕೊಟ್ಟ ತಮ್ಮಣ್ಣ ಈಗ ಮೂಡಲಗಿ ತಾಲ್ಲೂಕಿಗೆ ಸೇರಿದ ಕುಲಗೋಡದವನು. ಗಂಡಸರೇ ಹೆಣ್ಣು ವೇಷ ಕಟ್ಟುತ್ತಿದ್ದ ಆ ಆಟದಲ್ಲಿ ಹೆಣ್ಣಾಗಿಯೇ ನಿಂತು ಹೆಸರು ಮಾಡಿದ ಕೌಜಲಗಿ ನಿಂಗಮ್ಮನೂ ಇದೇ ಸೀಮೆಯವಳು. ಇನ್ನು ಕತೆಯ ಸತ್ಯಭಾಮೆ! ಪಾರಿಜಾತದ ಹೂವು ರುಕ್ಮಿಣಿಯ ಪಾಲಾಯಿತೆಂದು ಸಿಟ್ಟಾದವಳನ್ನು ಗರ್ವಿಷ್ಠೆ ಎಂದು ಕರೆದು ಪುರಾಣಿಕರು ಕೈತೊಳೆದುಕೊಂಡರು. ನನಗೇನೋ ಕೃಷ್ಣನ ಮನೆಯಲ್ಲಿ ಮನಸ್ಸಿನಲ್ಲಿದ್ದದ್ದನ್ನು ಬಾಯಲ್ಲಿ ಆಡಿದವಳು ಅವಳೊಬ್ಬಳೇ ಅನಿಸುತ್ತದೆ. ರುಕ್ಮಿಣಿಯ ಸೌಮ್ಯತೆಯನ್ನು ಹೊಗಳುವವರು ಹೂವು ಸಿಗದಿದ್ದರೆ ಅವಳು ಏನೆನ್ನುತ್ತಿದ್ದಳೆಂದು ಕೇಳುವುದೇ ಇಲ್ಲ. ಆದರೂ ತಪ್ಪೆಲ್ಲ ಭಾಮೆಯ ತಲೆಗೆ. ಹೂವು ತಂದವನು ನಾರದ, ಕೊಡಿಸಿದವನು ನಾರದ, ಸುದ್ದಿಯನ್ನು ಅವಳ ಮನೆಗೆ ಹೊತ್ತವನೂ ಅವನೇ. ಅವನ ಮೇಲೆ ಒಂದು ದೂರೂ ಇಲ್ಲ. ಹಾಗೆಂದು ಅವನನ್ನು ಆಟದಿಂದ ಹೊರಗಿಡೋಣವೆಂದರೆ ಸುದ್ದಿ ಮುಟ್ಟುವುದಿಲ್ಲ, ಭಾಮೆ ಮುನಿಯುವುದಿಲ್ಲ, ಕೃಷ್ಣ ಅವಳ ಬಾಗಿಲಿಗೆ ಬರುವ ಪ್ರಸಂಗವೇ ಹುಟ್ಟುವುದಿಲ್ಲ. ತಾಳ, ಹಾರ್ಮೋನಿಯಂ ಹಿಡಿದು ಬಂದ ಮೇಳದವರು ರಾತ್ರಿಯಿಡೀ ಹಾಡುವುದಾದರೂ ಏನನ್ನು?