ತೆಪ್ಪದ ಮೇಲೆ ಸೂರ್ಯಕಾಂತಿ

ಸೈರನ್ ಕೂಗಿತು. ಓಡು! ಎದೆಗೂ ಬೆನ್ನಿಗೂ ಕಟ್ಟಿದ ಸೀಸದ ತಗಡು ಹೆಜ್ಜೆಹೆಜ್ಜೆಗೂ ಕೆಳಕ್ಕೆ ಜಗ್ಗುತ್ತದೆ. ಗ್ರಾಫೈಟ್ ತುಂಡಿನಡಿಗೆ ಸಲಿಕೆ ತೂರಿಸು, ಎತ್ತು, ಮಾಳಿಗೆಯ ಅಂಚಿಗೆ ಧಾವಿಸು, ಬಾಯ್ದೆರೆದ ರಿಯಾಕ್ಟರಿನೊಳಕ್ಕೆ ಎಸೆ. ಇನ್ನೊಂದು ಸಲಿಕೆ ತುಂಬುವಷ್ಟರಲ್ಲಿ ಮತ್ತೆ ಸೈರನ್. ಸಾಕು, ಹಿಂದಕ್ಕೆ ಓಡು! ಒಂದೆರಡು ನಿಮಿಷ, ಅಷ್ಟೆ. ಒಬ್ಬ ಮನುಷ್ಯನಿಗೆಂದು ಗೊತ್ತುಮಾಡಿದ ವಿಕಿರಣದ ಪಾಲು ಅಲ್ಲಿಗೇ ತೀರಿಹೋಯಿತು. 1986ರ ಸೆಪ್ಟೆಂಬರ್, ಚೆರ್ನೋಬಿಲ್ ಅಣುಸ್ಥಾವರ. ಯಂತ್ರಗಳೇ ಕೈಕೊಟ್ಟ ಆ ಮಾಳಿಗೆಯ ಮೇಲೆ ಮೂರು ಸಾವಿರಕ್ಕೂ ಹೆಚ್ಚು ಜನ ಸರದಿಯ ಮೇಲೆ ಓಡಿದರು. ಅವರಿಗೆ ಬಿದ್ದ ಹೆಸರು ‘ಜೈವಿಕ ರೋಬೋಟ್’.

ಮಾಳಿಗೆಯನ್ನೇನೋ ಗೋರಿ ತೆಗೆದರು. ಅದೇ ವರ್ಷದ ಏಪ್ರಿಲ್ 26ರ ರಾತ್ರಿ 1.23ಕ್ಕೆ ನಾಲ್ಕನೇ ರಿಯಾಕ್ಟರ್ ಸಿಡಿದಾಗ ಹೊಲ, ಕಾಡು, ಹೊಂಡಗಳ ಮೇಲೆಲ್ಲ ಉದುರಿದ್ದನ್ನು ಗೋರುವವರು ಯಾರು?

ಪಕ್ಕದ ಪೈನ್ ಕಾಡು ಮೊದಲ ಪೆಟ್ಟು ತಿಂದಿತ್ತು. ಹಸಿರು ಸೂಜಿ ಎಲೆಗಳು ಕೆಲವೇ ವಾರಗಳಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗಿದವು. ಚದರ ಕಿಲೋಮೀಟರುಗಟ್ಟಲೆ ಮರಗಳು ನಿಂತಲ್ಲೇ ಸತ್ತವು. ಬುಲ್ಡೋಜರುಗಳು ಅವನ್ನು ಉರುಳಿಸಿ, ಕಂದಕಕ್ಕೆ ತಳ್ಳಿ, ಮರಳು ಮುಚ್ಚಿದವು. ಮೇಲೆ ಹೊಸ ಪೈನ್ ಸಸಿ ನೆಟ್ಟರು. ಸಸಿಗಳು ಬೇರಿಳಿಸಿ ಮರಳನ್ನು ಹಿಡಿದುಕೊಂಡವು, ನಿಜ. ಆದರೆ ಕೆಳಗೆ ಹೂತಿದ್ದ, ವಿಕಿರಣ ಸೂಸುವ ಸ್ಟ್ರಾನ್ಷಿಯಂ ಅನ್ನು ಕ್ಯಾಲ್ಸಿಯಂ ಎಂದೇ ನಂಬಿ ಮೇಲಕ್ಕೆಳೆದವು, ಎಲೆಗೆ ತುಂಬಿಕೊಂಡವು, ಎಲೆ ಉದುರಿಸಿದವು. ಹೂತದ್ದು ಎದ್ದು ಬಂತು!

ಬೇರು ಹೀಗೆ ಮೋಸಹೋಗುವುದನ್ನೇ ಆಯುಧ ಮಾಡಿಕೊಂಡರೆ?

1990ರ ದಶಕದ ನಡುಭಾಗ. ಸ್ಥಾವರದಿಂದ ಸುಮಾರು ಒಂದು ಕಿಲೋಮೀಟರ್ ದೂರದ ಸಣ್ಣ ಹೊಂಡ. ನೀರಿನಲ್ಲಿ ವಿಕಿರಣ ಸೂಸುವ ಸೀಸಿಯಂ, ಸ್ಟ್ರಾನ್ಷಿಯಂ. ನೀರಿನ ಮೇಲೆ ತೆಪ್ಪ, ತೆಪ್ಪದ ಮೇಲೆ ಸೂರ್ಯಕಾಂತಿ. ಇಂಥ ಹುಚ್ಚು ಸಾಹಸದ ಹಿಂದೆ ಇದ್ದದ್ದು ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಇಲ್ಯಾ ರಾಸ್ಕಿನ್ ಮತ್ತು ಸಂಗಡಿಗರು. ಗಿಡಕ್ಕೆ ಮಣ್ಣಿನ ಆಸರೆಯೇ ಇಲ್ಲ. ಬೇರಿನ ಎಳೆಗಳು ತೆಪ್ಪದಡಿ ಗೊಂಚಲುಗೊಂಚಲಾಗಿ ನೀರಲ್ಲಿ ಜೋಲಾಡುತ್ತಿವೆ. ಸೀಸಿಯಂ ಪೊಟ್ಯಾಸಿಯಂನ ವೇಷ ಹಾಕಿ ಬಂತು, ಬೇರು ಬಾಗಿಲು ತೆರೆಯಿತು. ಬಹುಪಾಲು ಸೀಸಿಯಂ ಬೇರಿನಲ್ಲೇ ಉಳಿಯಿತು, ಸ್ಟ್ರಾನ್ಷಿಯಂ ಕಾಂಡ ಹತ್ತಿ ಎಲೆಗೇರಿತು. ಬೇರಿನೊಳಗೆ ಸೀಸಿಯಂನ ಸಾಂದ್ರತೆ ಹೊಂಡದ ನೀರಿನಲ್ಲಿದ್ದುದಕ್ಕಿಂತ ಸಾವಿರಾರು ಪಟ್ಟು! ಹಳದಿ ಹೂವಿನ ಕೀರ್ತಿ ಜಗತ್ತಿಗೆಲ್ಲ ಹಬ್ಬಿತು.

ಗೆದ್ದೆವು ಎನ್ನಲು ಇನ್ನೂ ಹೊತ್ತಿದೆ. ಇದು ನೀರಿನ ಕಾಳಗ. ಮಣ್ಣಿನಲ್ಲಿ ಎದುರಾಳಿಯೇ ಬೇರೆ. ಸೀಸಿಯಂ ಜೇಡಿಯ ಪದರಗಳ ನಡುವೆ ನುಗ್ಗಿ, ಹಲಸಿನ ಮೇಣ ಕೈಗೆ ಹತ್ತಿದಂತೆ ಹತ್ತಿಕೊಳ್ಳುತ್ತದೆ. ಚೆರ್ನೋಬಿಲ್ ಸುತ್ತಲಿನ ಮಣ್ಣಿನಲ್ಲಿ ಪರೀಕ್ಷಿಸಿದಾಗ ದಂಟಿನ ಜಾತಿಯ ಗಿಡಗಳು ಸೂರ್ಯಕಾಂತಿಯನ್ನೂ ಹಿಂದಿಕ್ಕಿದವು. ನಾವು ಹುಳಿಗೆ ಹಾಕುವ ದಂಟಿನ ಬಳಗವೇ! ಆದರೂ ಒಂದೊಂದು ಬೆಳೆಗೆ ಕಿತ್ತುಬಂದದ್ದು ಚೂರುಪಾರು.

ಹಾಗೆಂದು ಆಸೆ ಬಿಡುವವರು ಯಾರು? 2011ರ ಮಾರ್ಚ್ 11ರಂದು ಜಪಾನಿನಲ್ಲಿ ನೆಲ ನಡುಗಿತು, ಸುನಾಮಿ ಉಕ್ಕಿತು, ಫುಕುಶಿಮಾ ಸ್ಥಾವರ ಕೈಮೀರಿತು. ಆ ಬೇಸಿಗೆಯಲ್ಲಿ ಅಲ್ಲಿನ ಹೊಲಗಳಲ್ಲಿ, ಗುಡಿಗಳ ಅಂಗಳದಲ್ಲಿ ಸೂರ್ಯಕಾಂತಿ ಬಿತ್ತಿದರು. ಸೆಪ್ಟೆಂಬರಿನಲ್ಲಿ ಕೃಷಿ ಸಚಿವಾಲಯದ ಲೆಕ್ಕ ಬಂತು: ಗಿಡ ಹೀರಿದ್ದು ನೆಲದಲ್ಲಿದ್ದ ಸೀಸಿಯಂನ 2000ದಲ್ಲಿ ಒಂದು ಪಾಲು. ಅದೇ ಪ್ರಯೋಗಗಳಲ್ಲಿ ಮೇಲ್ಮಣ್ಣನ್ನು ನಾಲ್ಕು ಸೆಂಟಿಮೀಟರಿನಷ್ಟು ಹೆರೆದು ತೆಗೆದಾಗ ಸೀಸಿಯಂ ಮುಕ್ಕಾಲು ಪಾಲು ಇಳಿದಿತ್ತು. ಹೂವು ಸೋತಿತು, ಸಲಿಕೆ ಗೆದ್ದಿತು. ಬಿತ್ತಿದವರ ಮನಸ್ಸಿಗೆ ಏನಾಗಿರಬೇಕು!

ನನ್ನ ಕಣ್ಣಿಗೆ ಅಸಲಿ ಅಪಾಯ ಬೇರೆಯೇ ಇದೆ. ಗಿಡ ವಿಷವನ್ನು ಕೊಲ್ಲುವುದಿಲ್ಲ, ಅದರ ಜಾಗ ಬದಲಿಸುತ್ತದೆ, ಅಷ್ಟೆ. ಸೀಸಿಯಂ-137 ಅರ್ಧಕ್ಕಿಳಿಯಲು ಸುಮಾರು 30 ವರ್ಷ ಬೇಕು. ಬೇರಿನಲ್ಲಿದ್ದರೂ ಅಷ್ಟೇ, ಮಣ್ಣಿನಲ್ಲಿದ್ದರೂ ಅಷ್ಟೇ. ಕೊಯ್ದ ಸೂರ್ಯಕಾಂತಿಯೂ ವಿಕಿರಣದ ಕಸವೇ. ಕೊಯ್ಯದೆ ಬಿಟ್ಟ ಕಾಡು?

2020ರ ಏಪ್ರಿಲ್ ತಿಂಗಳ ಮೊದಲ ವಾರ. ಚೆರ್ನೋಬಿಲ್ ನಿಷೇಧಿತ ವಲಯದಲ್ಲಿ ಒಣಹುಲ್ಲಿಗೆ ಬೆಂಕಿ ಬಿತ್ತು. ಗಾಳಿ ಜೋರು. ಮೂರು ದಶಕ ಎಲೆ, ತೊಗಟೆ, ತರಗುಗಳಲ್ಲಿ ಹಿಡಿದಿಟ್ಟ ಸೀಸಿಯಂ ಹೊಗೆಯ ಹೆಗಲೇರಿತು. ನೂರಾರು ಸಿಬ್ಬಂದಿ ನುಗ್ಗಿದರು. ಮೇಲೆ ಹೆಲಿಕಾಪ್ಟರುಗಳು ನೀರು ಸುರಿದವು. ಇತ್ತ ಆರಿಸಿದರೆ ಅತ್ತ ಭುಗಿಲ್! ಬೆಂಕಿ ಜನರಿಲ್ಲದ ಪ್ರಿಪ್ಯಾತ್ ನಗರದ ಅಂಚಿಗೇ ಬಂತು. ಅಲ್ಲಿಂದ ರಿಯಾಕ್ಟರಿಗೆ ಎಷ್ಟು ದೂರ? ಮೂರೇ ಕಿಲೋಮೀಟರ್! 14ರಂದು ಮಳೆ ಹನಿಯಿತು. ಬದುಕಿದೆವು ಅನ್ನುವಷ್ಟರಲ್ಲಿ, 16ರಂದು ಬಿರುಗಾಳಿ. ಬೂದಿಯಡಿ ಅಡಗಿದ್ದ ಕೆಂಡ ಎದ್ದಿತು, ಉಕ್ರೇನಿನ ರಾಜಧಾನಿ ಕೀವ್ ಹೊಗೆಯಲ್ಲಿ ಮುಳುಗಿತು. ಅಳೆದು ನೋಡಿದರೆ ರಾಜಧಾನಿಯಲ್ಲಿ ವಿಕಿರಣ ಮಿತಿಯೊಳಗೇ ಇತ್ತು. ಸಿಬ್ಬಂದಿ ಮತ್ತೆ ಕಾಡಿಗೆ ನುಗ್ಗಿ, ಹೊಗೆಯಾಡುವ ಒಂದೊಂದು ಬುಡಕ್ಕೂ ನೀರು ಹೊಯ್ಯಲು ನಿಂತರು.